ನಾ ಕಫ ಅದೀನಿ, ಮೊಸರು ಬ್ಯಾಡ

ಮಕ್ಕಳೇ, ಈ ವಾರ ನಿಮಗೆ ನನ್ನದೇ ಒಂದು ತಪ್ಪಿನ ಕತೆ ಹೇಳುತ್ತೇನೆ. ಅಜ್ಜ-ಅಜ್ಜಿಯರೂ ಪಕ್ಕದಲ್ಲಿ ಕೂತು ಕೇಳಿದರೆ ಒಳ್ಳೆಯದು. ಇಂಥ ತಪ್ಪು ಮಾಡುವ ವಯಸ್ಸು ನಮ್ಮದೇ.

2024ರ ನವೆಂಬರ್ 26ರಂದು ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯ ದೇಶದ ತುಂಬ ಒಂದು ಅಭಿಯಾನ ಶುರು ಮಾಡಿತು. ಅದರ ಹೆಸರು 'ದೇಶ್ ಕಾ ಪ್ರಕೃತಿ ಪರೀಕ್ಷಣ್ ಅಭಿಯಾನ್'. ಆಯುರ್ವೇದದ ವಿದ್ಯಾರ್ಥಿಗಳು, ವೈದ್ಯರು ಮೊಬೈಲ್ ಹಿಡಿದು ಜನರ ಹತ್ತಿರ ಹೋಗುವುದು, ಪ್ರಶ್ನೆ ಕೇಳುವುದು, ಇವರ ದೇಹಪ್ರಕೃತಿ ವಾತವೋ, ಪಿತ್ತವೋ, ಕಫವೋ ಎಂದು ಗುರುತಿಸುವುದು. ತಿಂಗಳೊಪ್ಪತ್ತಿನಲ್ಲಿ 1 ಕೋಟಿಗೂ ಹೆಚ್ಚು ಜನರ ಪರೀಕ್ಷೆ ಆಯಿತು. ಆ ಕೋಟಿಯಲ್ಲಿ ನಾನೂ ಒಬ್ಬ.

ನಮ್ಮ ಮನೆ ಇರುವುದು ಬೆಳಗಾವಿಯ ಶಹಾಪುರದಲ್ಲಿ. 1933ರಲ್ಲಿ ಶುರುವಾದ ಬಿ. ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯವೂ ಇಲ್ಲೇ ಇದೆ. ಹಾಗಾಗಿ ಕಷಾಯ, ಲೇಹ್ಯ, ಪಂಚಕರ್ಮ ಎಂಬ ಮಾತುಗಳು ನಮ್ಮ ಓಣಿಯವರಿಗೆ ಹೊಸದಲ್ಲ. ಡಿಸೆಂಬರ್ ಮೊದಲ ವಾರ ಆಯುರ್ವೇದ ಓದುತ್ತಿದ್ದ ಒಬ್ಬ ಹುಡುಗಿ ಮನೆಗೆ ಬಂದಳು. ಚರ್ಮ ಒಣಗಿದ್ದೋ, ಜಿಡ್ಡಿನದೋ? ಹಸಿವು ಹೊತ್ತಿಗೆ ಸರಿಯಾಗಿ ಆಗುತ್ತದೆಯೋ? ಚಳಿ ತಡೆಯುತ್ತದೋ, ಸೆಕೆ ತಡೆಯುತ್ತದೋ? ನಿದ್ದೆ ಹೇಗೆ? ನಡಿಗೆ ಬಿರುಸೋ, ನಿಧಾನವೋ? ನಾನು ಒಂದಕ್ಕೆ ಎರಡಾಗಿ ಉತ್ತರ ಕೊಟ್ಟೆ. ಕೊನೆಗೆ ಆಕೆ, "ಅಜ್ಜಾರ, ನಿಮ್ದು ವಾತ-ಪಿತ್ತ ಪ್ರಕೃತಿ" ಅಂದಳು. ತೆಳ್ಳನೆ ಮೈ, ಒರಟು ಚರ್ಮ, ಮಾತು ಜಾಸ್ತಿ, ನಿದ್ದೆ ಕಮ್ಮಿ, ಮೇಲೆ ಮೂಗಿನ ತುದಿಯ ಸಿಟ್ಟು. ಒಳಗಿಂದ ನನ್ನ ಹೆಂಡತಿ, "ಇದನ್ನ ಹೇಳಾಕ ಮೊಬೈಲ್ ಯಾಕ ಬೇಕಿತ್ತವ್ವಾ? ನನ್ನ ಕೇಳಿದ್ರ ಹೇಳ್ತಿದ್ದೆ" ಎಂದಳು.

ನನ್ನ ಮೊಮ್ಮಗ ಐದನೇ ಇಯತ್ತೆ. "ಅಕ್ಕಾ, ನಂದೂ ನೋಡ್ರಿ" ಎಂದು ಆಕೆಯ ಹಿಂದೆ ಬಿದ್ದ. ಆ ಹುಡುಗಿ ಜಾಣೆ. "ಸಣ್ಣವ್ರದು ಹಿಂಗ ಬಾಗಲದಾಗ ನಿಂತು ನೋಡೂದಲ್ಲಪಾ, ಬೇಕಿದ್ರ ವೈದ್ಯರ ಹತ್ರ ಹೋಗು" ಎಂದು ಹೇಳಿ ಹೋದಳು.

ನಾನು ಸುಮ್ಮನಿರಬೇಕಿತ್ತು. ಆದರೆ ಮೂವತ್ತಾರು ವರ್ಷ ಪ್ರಶ್ನೆಪತ್ರಿಕೆ ತೆಗೆದ ಕೈ ನನ್ನದು. ಒಂದು ಹಾಳೆ ತೆಗೆದು, ನೆನಪಿದ್ದ ಹನ್ನೆರಡು ಪ್ರಶ್ನೆ ಬರೆದು, ಹುಡುಗನನ್ನು ಎದುರಿಗೆ ಕೂರಿಸಿಕೊಂಡೆ. ಗುಂಡುಗುಂಡಾದ ಮೈ, ಮೆತ್ತನೆ ಚರ್ಮ, ದಟ್ಟ ಕೂದಲು. ಊಟ ನಿಧಾನ, ಮಾತು ನಿಧಾನ, ಸಿಟ್ಟು ಅಂದರೆ ಗೊತ್ತಿಲ್ಲ, ಮಲಗಿದರೆ ಮನೆ ಬಿದ್ದರೂ ಏಳುವುದಿಲ್ಲ. ಅಂಕ ಕೂಡಿಸಿದೆ. "ನೀ ಕಫ ಪ್ರಕೃತಿ!" ಎಂದು ಘೋಷಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕಫದವರು ಮೊಸರು, ಬಾಳೆಹಣ್ಣು, ಸಿಹಿ ಕಡಿಮೆ ಮಾಡಬೇಕು, ಜಡ ಬಿಡಬೇಕು ಅಂತ ಪಾಠವನ್ನೂ ಮಾಡಿದೆ. ಅವನ ಅಕ್ಕ ಬಾಗಿಲಲ್ಲಿ ನಿಂತವಳು ಕಿಸಕ್ಕನೆ ನಕ್ಕು, "ಕಫ ಅಂದ್ರ ಸಿಂಬಳ! ನೀ ಸಿಂಬಳ ಅದೀ!" ಅಂದಳು. ನಾನೂ ನಕ್ಕೆ. ಆ ನಗು ಈಗಲೂ ನನಗೆ ಚುಚ್ಚುತ್ತದೆ.

ಇಲ್ಲೊಂದು ಮಾತು ಗಮನಿಸಿ. ನಮ್ಮ ಆಡುಮಾತಿನಲ್ಲಿ ಈ ಮೂರು ಹೆಸರುಗಳೂ ಬೈಗುಳವೋ ರೋಗವೋ ಆಗಿಬಿಟ್ಟಿವೆ. ಮಂಡಿ ಹಿಡಿದರೆ ವಾತ. ತಲೆ ಸುತ್ತಿದರೆ ಪಿತ್ತ, ಯಾರಾದರೂ ಹಾರಾಡಿದರೆ 'ಪಿತ್ತ ನೆತ್ತಿಗೇರಿದೆ'. ಎದೆಯಲ್ಲಿ ಗೊರಗೊರ ಅಂದರೆ ಕಫ. ಶಾಸ್ತ್ರದ ಮಾತು ಅದಲ್ಲ. ಅಲ್ಲಿ ಈ ಮೂರೂ ದೇಹವನ್ನು ಹೊತ್ತು ನಡೆಸುವ ಕೆಲಸಗಾರರು. ಉಸಿರು, ರೆಪ್ಪೆ, ಕೈಕಾಲು, ಹೊಟ್ಟೆಯೊಳಗಿನ ಸಾಗಾಟ ಹೀಗೆ ಚಲಿಸುವುದೆಲ್ಲ ವಾತದ ಪಾಲು. ಬಿಸಿ, ಹಸಿವು, ಜೀರ್ಣ ಪಿತ್ತದ ಪಾಲು. ಮೈ ಕಟ್ಟುವುದು, ಕೀಲಿಗೆ ಜಿಡ್ಡು ಕೊಡುವುದು, ತಡೆದುಕೊಳ್ಳುವ ಬಲ ಕೊಡುವುದು ಕಫದ ಪಾಲು. ಯಾರ ಮೈಯಲ್ಲೂ ಒಂದೇ ಇರುವುದಿಲ್ಲ. ಯಾವುದು ಮುಂದೆ ನಿಂತಿದೆ ಎಂಬುದರ ಮೇಲೆ ಪ್ರಕೃತಿಯ ಹೆಸರು. ಒಂದೊಂದೇ ಮುಂದಿರುವ ಮೂರು, ಎರಡೆರಡು ಕೂಡಿದ ಮೂರು, ಮೂರೂ ಸಮವಾಗಿರುವ ಒಂದು, ಒಟ್ಟು ಏಳು ಬಗೆ. ಇಷ್ಟನ್ನು ಮೊಮ್ಮಗನಿಗೆ ಮೊದಲೇ ಹೇಳಿದ್ದರೆ ಸಾಕಿತ್ತು. ನಾನು ಫಲಿತಾಂಶ ಮಾತ್ರ ಹೇಳಿದೆ, ಪಾಠ ಹೇಳಲಿಲ್ಲ.

ಮರುದಿನದಿಂದ ಹುಡುಗ ಮೊಸರು ಬಿಟ್ಟ. "ನಾ ಕಫ ಅದೀನಿ, ಮೊಸರು ಬ್ಯಾಡ" ಎಂದಾಗ ಎಲ್ಲರೂ ಮೆಚ್ಚಿದೆವು, ಅಜ್ಜನ ಮಾತು ಕೇಳುತ್ತಾನಲ್ಲ ಅಂತ. ಆಮೇಲೆ ಹಾಲು ಹೋಯಿತು. ಬಾಳೆಹಣ್ಣು ಹೋಯಿತು. ಡಬ್ಬಿಯ ಚಪಾತಿ-ಪಲ್ಯ ಅರ್ಧ ಗೆಳೆಯರಿಗೆ ಹೋಗುತ್ತಿತ್ತು ಎಂಬುದು ನಮಗೆ ಗೊತ್ತಾಗಲಿಲ್ಲ. ಹೊಸ ವರ್ಷ ಕಳೆದು ಶಾಲೆ ಸೇರಿದ ಮೇಲೆ ಒಂದು ಬೆಳಿಗ್ಗೆ ಕವಾಯತಿನ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕೂತ. ಶಾಲೆಯಿಂದ ಫೋನ್ ಬಂತು. ಮಕ್ಕಳ ಡಾಕ್ಟರು ತೂಕ ಹಾಕಿದರು. 34 ಕೆಜಿ ಇದ್ದವನು 32 ಆಗಿದ್ದ. ಬೆಳೆಯುವ ಹುಡುಗ ತಿಂಗಳಲ್ಲಿ ಎರಡು ಕೆಜಿ ಇಳಿಯುವುದು ಸಣ್ಣ ಮಾತಲ್ಲ ಎಂದು ಗಂಭೀರವಾಗಿ ಹೇಳಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

"ಯಾಕೋ ಅಪ್ಪೀ, ಯಾಕ ಉಣವಲ್ಲಿ?" ಸೊಸೆ ಅಳುತ್ತ ಕೇಳಿದಳು.

"ಕಫ ಕಮ್ಮಿ ಆಗ್ಬೇಕಲ್ಲ, ಅವ್ವಾ. ಅಜ್ಜ ಹೇಳ್ಯಾನ."

ಸೊಸೆ ನನ್ನತ್ತ ನೋಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ರಕ್ತ ಪರೀಕ್ಷೆಯಲ್ಲಿ ದೊಡ್ಡ ತೊಂದರೆ ಏನೂ ಸಿಗಲಿಲ್ಲ. ಊಟ ಸರಿ ಮಾಡಿಸಿ, ಹದಿನೈದು ದಿನಕ್ಕೊಮ್ಮೆ ತೂಕಕ್ಕೆ ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಆದರೆ ತಟ್ಟೆಯ ಮುಂದೆ ಕೂತ ಹುಡುಗನ ಕಣ್ಣಿನಲ್ಲಿ ಸಂಶಯ ಹೋಗಲಿಲ್ಲ. ಒಂದು ಸಲ ಅಜ್ಜ ಹೀಗಂದ, ಈಗ ಹಾಗಂತಾನೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಅವನನ್ನು ಕರೆದುಕೊಂಡು ಖಾನಾಪುರದ ಅಕ್ಕನ ಮನೆಗೆ ಹೊರಟೆ. ಅಲ್ಲಿ ನಮಗೆ ಹಳೆಯ ಪರಿಚಯದ ಆಯುರ್ವೇದ ವೈದ್ಯರೊಬ್ಬರಿದ್ದಾರೆ. ಅವರೆದುರು ನನ್ನ ತಪ್ಪು ಒಪ್ಪಿಕೊಂಡರೆ ಹುಡುಗನಿಗೂ ನಂಬಿಕೆ ಬಂದೀತು ಅಂತ.

ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರ್. ಇಷ್ಟು ಸಣ್ಣ ದಾರಿಯಲ್ಲಿ ನೆಲ ಎಷ್ಟು ಬದಲಾಗುತ್ತದೆ ನೋಡಿ. ನಮ್ಮ ಮೂಲ ಊರು ಅಥಣಿಯ ಕಡೆ. ಒಣ ನೆಲ, ಒಣ ಗಾಳಿ, ಜೋಳದ ರೊಟ್ಟಿ. ಅಕ್ಕನನ್ನು ಕೊಟ್ಟ ಖಾನಾಪುರ ಮಲಪ್ರಭೆಯ ದಂಡೆ. ನದಿ ಹುಟ್ಟುವ ಕಣಕುಂಬಿಯೂ ಅದೇ ತಾಲ್ಲೂಕು. ಸಹ್ಯಾದ್ರಿಯ ಮಳೆ, ಭತ್ತದ ಗದ್ದೆ, ಗೋಡೆ ಮುಟ್ಟಿದರೆ ತೇವ. ಮದುವೆಯಾದ ಹೊಸದರಲ್ಲಿ ಅಕ್ಕ ಮಳೆಗಾಲದ ಮೂರು ತಿಂಗಳೂ ನೆಗಡಿಯಲ್ಲೇ ಇರುತ್ತಿದ್ದಳಂತೆ. ಆಯುರ್ವೇದದಲ್ಲಿ ಮನುಷ್ಯನಿಗೆ ಪ್ರಕೃತಿ ಇರುವಂತೆ ನೆಲಕ್ಕೂ ಇದೆ. ನೀರು, ಗಿಡಮರ ಹೆಚ್ಚಿದ್ದು ಆನೂಪ ದೇಶ, ಅಲ್ಲಿ ಕಫದ ಒಲವು. ಒಣ ಬಯಲು ಜಾಂಗಲ, ಅಲ್ಲಿ ವಾತದ ಒಲವು. ನಡುವಿನದು ಸಾಧಾರಣ. ನಮ್ಮ ಒಂದೇ ಜಿಲ್ಲೆಯಲ್ಲಿ ಮೂರೂ ಇವೆ ಅನ್ನಬಹುದು. ಅದಕ್ಕೇ ಅಥಣಿಯಲ್ಲಿ ಒಗ್ಗಿದ ಊಟವನ್ನು ಅಕ್ಕ ಖಾನಾಪುರದಲ್ಲಿ ತಿದ್ದಿಕೊಂಡಳು. ಶುಂಠಿ, ಮೆಣಸು ಜಾಸ್ತಿ, ಹುರುಳಿ ಕಟ್ಟು, ಎಲ್ಲಾ ಬಿಸಿಬಿಸಿ. ಅವಳು ಯಾವ ಪುಸ್ತಕವನ್ನೂ ಓದಿದವಳಲ್ಲ. ಅತ್ತೆ ಕಲಿಸಿದ್ದು.

ನಾವು ಹೋದ ದಿನ ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಣ್ಣೆ, ಬದನೆಕಾಯಿ ಎಣಗಾಯಿ, ಗಜ್ಜರಿ. ಹುಡುಗ ಬೆಣ್ಣೆ ಸರಿಸಿದ. "ಯಾಕಪಾ?" ಎಂದಳು ಅಕ್ಕ. "ಆಯೀ, ನಾ ಕಫ ಅದೀನಿ." ಅಕ್ಕ ನನ್ನ ಮುಖ ನೋಡಿದಳು. "ತಮ್ಮಾ, ನೀ ಸಣ್ಣಾವಿದ್ದಾಗ ಇದಕ್ಕಿಂತ ಗುಂಡಗಿದ್ದಿ. ಅಪ್ಪ ನಿಂಗೇನರ ಹೆಸರಿಟ್ಟಿದ್ನೇನು?" ಅಷ್ಟೇ ಅಂದಳು.

ಸಂಜೆ ವೈದ್ಯರ ಹತ್ತಿರ ಹೋದೆವು. ನಾನು ನನ್ನ ಪ್ರಶ್ನೆಪತ್ರಿಕೆಯ ಕತೆ ಒಂದೂ ಬಿಡದೆ ಹೇಳಿದೆ. ಅವರು ನಗಲಿಲ್ಲ. ಹುಡುಗನ ನಾಲಿಗೆ ನೋಡಿದರು, ನಾಡಿ ಹಿಡಿದರು, ಹೊಟ್ಟೆ ಮುಟ್ಟಿದರು, ಶಾಲೆ, ಆಟ, ನಿದ್ದೆ ಎಲ್ಲಾ ಕೇಳಿದರು. ಮಕ್ಕಳ ಡಾಕ್ಟರು ಕೊಟ್ಟ ಕಾಗದವನ್ನೂ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರ್ರ, ನೀವು ಕೂಡಿಸಿದ ಲೆಕ್ಕ ಭಾಳ ತಪ್ಪಿಲ್ಲ. ಕಫದ ಅಂಶ ಮುಂದೈತಿ. ಆದ್ರ ಅದನ್ನ ಕಮ್ಮಿ ಮಾಡಂತ ನಿಮಗ ಹೇಳಿದವ್ರ್ಯಾರು?" ಎಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಪ್ರಕೃತಿ ಎಂಬುದು ರೋಗವಲ್ಲ, ಹುಟ್ಟಿನೊಂದಿಗೆ ಬಂದ ಅಳತೆ. ಒಬ್ಬನ ಅಂಗಿ ಅಳತೆ ಇನ್ನೊಬ್ಬನದಲ್ಲ. ಸಮತೋಲ ಅಂದರೆ ವಾತ, ಪಿತ್ತ, ಕಫ ಮೂರನ್ನೂ ತಕ್ಕಡಿಯಲ್ಲಿ ಸಮ ಮಾಡುವುದಲ್ಲ. ನಿನ್ನ ಹುಟ್ಟಿನ ಅಳತೆ ಎಷ್ಟಿತ್ತೋ ಅಷ್ಟರಲ್ಲೇ ಇರುವುದು. ಅಳತೆ ಮೀರಿ ಯಾವುದಾದರೂ ಏರಿದರೆ ಅದು ವಿಕೃತಿ, ಅದಕ್ಕೆ ಔಷಧ. ಸುಶ್ರುತ ಸಂಹಿತೆಯಲ್ಲಿ ಇದಕ್ಕೊಂದು ಹೋಲಿಕೆ ಬರುತ್ತದಂತೆ, ವಿಷದಲ್ಲೇ ಹುಟ್ಟಿದ ಹುಳುವಿನದು. ಆ ಹುಳುವಿಗೆ ಆ ವಿಷ ಬಾಧಿಸುವುದಿಲ್ಲ, ಹಾಗೆಯೇ ಅವರವರ ಪ್ರಕೃತಿ ಅವರವರಿಗೆ ಕೇಡಲ್ಲ. ಮೊಮ್ಮಗನಿಗೆ ಈ ಹುಳು ಬಹಳ ಹಿಡಿಸಿತು. ಅದು ಯಾವ ಬಣ್ಣದ್ದು ಎಂದು ಕೇಳಿದ.

ನಾನು ಮಾಡಿದ ಎರಡನೆಯ ತಪ್ಪು ವಯಸ್ಸನ್ನು ಮರೆತದ್ದು. ಆಯುರ್ವೇದದ ಪ್ರಕಾರ ಬಾಲ್ಯವೆಲ್ಲ ಕಫದ ಕಾಲ, ನಡುವಯಸ್ಸು ಪಿತ್ತದ್ದು, ಮುಪ್ಪು ವಾತದ್ದು. ಚರಕ ಸಂಹಿತೆ 60ರವರೆಗೆ ನಡುವಯಸ್ಸು ಎಂದು ಹೇಳಿ, ಆಮೇಲಿನದನ್ನು ಮುಪ್ಪು ಎನ್ನುತ್ತದೆ. ಎಲುಬು, ಮಾಂಸ ಬೆಳೆಯಬೇಕಾದ ಮಗುವಿಗೆ ಕಫ ಮುಂದಿರಲೇಬೇಕು. ಗಲ್ಲ ಮೆತ್ತಗಿರುವುದು, ನಿದ್ದೆ ಗಾಢವಾಗಿರುವುದು ಆ ವಯಸ್ಸಿನ ಸೊತ್ತು. ನಾನು ಪ್ರಶ್ನೆ ಕೇಳಿದ್ದು ಹುಡುಗನನ್ನಲ್ಲ, ಅವನ ವಯಸ್ಸನ್ನು! ಹತ್ತು ವರ್ಷದ ಯಾವ ಮಗುವನ್ನು ಕೂರಿಸಿಕೊಂಡು ಆ ಹನ್ನೆರಡು ಪ್ರಶ್ನೆ ಕೇಳಿದ್ದರೂ ಕಫಕ್ಕೆ ಒಂದಿಷ್ಟು ಹೆಚ್ಚು ಅಂಕ ಬೀಳುತ್ತಿತ್ತು.

ಮೂರನೆಯ ತಪ್ಪು ಕಾಲದ್ದು. ಚಳಿಗಾಲದಲ್ಲಿ ಹೊಟ್ಟೆಯ ಬೆಂಕಿ ಜೋರು. ಎಣ್ಣೆ-ತುಪ್ಪ, ಸಿಹಿ, ಕಾಳು ಎಲ್ಲವನ್ನೂ ಅರಗಿಸುವ ಕಾಲ ಅದು. ಸಂಕ್ರಾಂತಿಗೆ ಎಳ್ಳು-ಬೆಲ್ಲ, ಭೋಗಿಗೆ ಬೆಣ್ಣೆ-ಸಜ್ಜಿ ರೊಟ್ಟಿ ಬಂದದ್ದು ಸುಮ್ಮನೆ ಅಲ್ಲ. ಅಂಥ ಹೊತ್ತಿನಲ್ಲೇ ನಮ್ಮ ಹುಡುಗ ಉಪವಾಸ ಬಿದ್ದಿದ್ದ. ಕಫ ಕೆರಳುವುದು ವಸಂತದಲ್ಲಿ, ಬಿಸಿಲು ಏರಿ ಚಳಿಗಾಲದ ಕಫ ಕರಗುವಾಗ. ವಾತ ಕೆರಳುವುದು ಮಳೆಗಾಲದಲ್ಲಿ, ಪಿತ್ತ ಶರತ್ಕಾಲದಲ್ಲಿ. ದಸರೆ-ದೀಪಾವಳಿಯ ಸುಮಾರಿಗೆ ಮೈ ಬಿಸಿ, ಕಣ್ಣುರಿ ಎನ್ನುವವರು ಅದಕ್ಕೇ ಹೆಚ್ಚು. ಇದರಲ್ಲಿ ಒಂದು ತಕರಾರು ನನ್ನದಿತ್ತು. ಪಂಚಾಂಗದ ಲೆಕ್ಕದಲ್ಲಿ ಜ್ಯೇಷ್ಠ, ಆಷಾಢ ಬೇಸಿಗೆ. ಖಾನಾಪುರದಲ್ಲಿ ಆ ಹೊತ್ತಿಗೆ ಕೊಡೆ ಇಲ್ಲದೆ ಹೊಸ್ತಿಲು ದಾಟಲಾಗದು. ಕೇಳಿದ್ದಕ್ಕೆ ವೈದ್ಯರು, "ಆಕಾಶ ನೋಡ್ರಿ ಮಾಸ್ತರ್ರ, ಪಂಚಾಂಗ ಆಮ್ಯಾಲ ನೋಡ್ರಿ" ಎಂದರು.

ದಿನದ ಹೊತ್ತಿಗೂ ಹೀಗೇ ಪಾಳಿ ಇದೆ. ಹಗಲಿನ ಮೊದಲ ಭಾಗ ಕಫ, ನಡುಹಗಲು ಪಿತ್ತ, ಇಳಿಹೊತ್ತು ವಾತ. ರಾತ್ರಿಯೂ ಅದೇ ಕ್ರಮ. ಅಜ್ಜ-ಅಜ್ಜಿಯರೇ, ಬೆಳಗಿನ ಜಾವ ಮೂರೂವರೆಗೆ ನಮಗೆ ಎಚ್ಚರವಾಗುವುದೇಕೆ ಅಂದರೆ ಅದು ರಾತ್ರಿಯ ವಾತದ ಹೊತ್ತು, ನಮ್ಮದೂ ವಾತದ ವಯಸ್ಸು. ಏಳೂವರೆಗೆ ಹಾಸಿಗೆಯಲ್ಲಿ ಹೊರಳುವ ಮೊಮ್ಮಕ್ಕಳದು ಕಫದ ಹೊತ್ತು, ಕಫದ ವಯಸ್ಸು. ನಾವು ಎದ್ದು, ಕೆಮ್ಮಿ, ಬಾಗಿಲು ಬಡಿದು, 'ಈ ಕಾಲದ ಹುಡುಗರು ಸೋಮಾರಿಗಳು' ಎನ್ನುತ್ತೇವೆ. (ಹಾಗಂತ ಮಕ್ಕಳೇ, ಎಂಟರವರೆಗೆ ಮಲಗಲು ಇದನ್ನು ನೆಪ ಮಾಡಿಕೊಳ್ಳಬೇಡಿ. ಕಫದ ಹೊತ್ತು ಶುರುವಾಗುವ ಮೊದಲೇ ಎದ್ದರೆ ಜಡ ಇರುವುದಿಲ್ಲ ಎಂದೇ ಹಿರಿಯರ ಮಾತು. ನನ್ನ ಮೊಮ್ಮಗ ಈ ನೆಪವನ್ನು ಈಗಾಗಲೇ ಹೂಡಿ ನೋಡಿದ್ದಾನೆ.)

ಮರುದಿನ ಅಕ್ಕನ ಮನೆಗೆ ಬೇಕಿದ್ದ ಒಂದು ಹಂಡೆ ಕೊಳ್ಳಲು ಕುಂಬಾರರ ಅಂಗಳಕ್ಕೆ ಹೋದೆವು. ಖಾನಾಪುರದ ಮಣ್ಣು ಗಡಿಗೆ, ಹಂಚಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಈ ಊರಲ್ಲೇ ಇದೆ. ಒಬ್ಬ ಹಿರಿಯರು ತಿಗರಿಯ ಮುಂದೆ ಕೂತಿದ್ದರು. ಕಲಸಿದ ಮಣ್ಣಿನ ಮುದ್ದೆ ತಿರುಗುತ್ತ ತಿರುಗುತ್ತ ಗಡಿಗೆಯಾಗುವುದನ್ನು ಹುಡುಗ ಬಾಯಿ ಬಿಟ್ಟು ನೋಡಿದ. ಆಚೆ ಆವಿಗೆಯಲ್ಲಿ ಹೊಗೆ ಏಳುತ್ತಿತ್ತು.

ಒಮ್ಮೆಲೇ, "ಅಜ್ಜಾ, ತಿಗರಿ ತಿರಗೂದು ವಾತ, ಹೌದಿಲ್ಲೋ?" ಎಂದ.

"ಹೌದು."

"ಬೆಂಕಿ ಪಿತ್ತ."

"ಹೌದು."

"ಹಂಗಾದ್ರ ಈ ಹಸಿಮಣ್ಣು..." ಎಂದು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ತಲೆ ಹಾಕಿದೆ. "ಅದಿಲ್ದ ಗಡಿಗಿ ಹೆಂಗ ಆಗ್ತೈತಿ?" ಎಂದು ತನಗೆ ತಾನೇ ಕೇಳಿಕೊಂಡ. ಕುಂಬಾರಜ್ಜನಿಗೆ ನಮ್ಮ ಮಾತು ತಿಳಿಯದಿದ್ದರೂ ಮಣ್ಣಿನ ಸುದ್ದಿ ಬಂದದ್ದು ಕೇಳಿ, ಎಲ್ಲಾ ಮಣ್ಣಿಗೂ ಒಂದೇ ನೀರಲ್ಲಪ್ಪ, ಕೆಲವು ಜಾಸ್ತಿ ಕುಡಿಯುತ್ತವೆ, ಕೆಲವಕ್ಕೆ ಚಿಮುಕಿಸಿದರೆ ಸಾಕು, ಕೈಗೆ ಗೊತ್ತಾಗಬೇಕು ಎಂದರು. ಒಂದು ಮುದ್ದೆ ಹುಡುಗನ ಕೈಗೂ ಕೊಟ್ಟರು. ಅವನು ಮಾಡಿದ್ದು ಗಡಿಗೆಯೋ, ದೀಪವೋ, ಇನ್ನೂ ತೀರ್ಮಾನವಾಗಿಲ್ಲ.

ಹಾಗಾದರೆ ನಾವು ಈಗ ಏನು ಮಾಡುತ್ತಿದ್ದೇವೆ ಎಂದು ನೀವು ಕೇಳಬಹುದು. ದೊಡ್ಡದೇನಿಲ್ಲ. ಮೊಮ್ಮಗನಿಗೆ ಮಧ್ಯಾಹ್ನ ಮೊಸರು ಉಂಟು, ರಾತ್ರಿ ಇಲ್ಲ. ರಾತ್ರಿ ಮೊಸರು ಬೇಡವೆಂದು ಗ್ರಂಥಗಳು ಎಲ್ಲಾ ಪ್ರಕೃತಿಯವರಿಗೂ ಹೇಳಿವೆ. ಹಾಲಿಗೆ ಚೂರು ಅರಿಶಿನ ಅಥವಾ ಶುಂಠಿ. ಸಂಜೆ ಒಂದು ತಾಸು ಮೈ ಬೆವರುವಷ್ಟು ಆಟ. ಕಫದವರಿಗೆ ಅದು ಮದ್ದಿಗಿಂತ ಮೇಲು ಎಂದು ವೈದ್ಯರು ಒತ್ತಿ ಹೇಳಿದ್ದರು. ನಾನು ಊಟ ಬಿಡಿಸಿದ್ದೆ, ಅವರು ಆಟ ಹಚ್ಚಿದರು! ನನಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ, ಚುರುಮುರಿ, ಮಿರ್ಚಿ ಕಡಿಮೆ, ವಾರಕ್ಕೆರಡು ಸಲ ಮೊಳಕಾಲಿಗೆ ಬೆಚ್ಚನೆಯ ಎಳ್ಳೆಣ್ಣೆ. ಎಣ್ಣೆ ತಿಕ್ಕುವ ಕೆಲಸ ಮೊಮ್ಮಗನದು. ಪಿತ್ತ ಮುಂದಿರುವ ಅವನ ಅಕ್ಕನಿಗೆ ಹಸಿವು ತಡೆಯದು. ಊಟ ಹತ್ತು ನಿಮಿಷ ತಡವಾದರೆ ಮನೆ ನಡುಗುತ್ತದೆ. ಅವಳಿಗೆ ಮೊದಲು ಬಡಿಸುವುದು ಎಂದು ಠರಾವಾಗಿದೆ. ಅಡುಗೆ ಮಾತ್ರ ಎಲ್ಲರಿಗೂ ಒಂದೇ. ಪ್ರಕೃತಿಗೊಂದು ಒಲೆ ಹೂಡಿದರೆ ಸೊಸೆಯ ಗತಿಯೇನು? ಬಡಿಸುವ ಕೈಯಲ್ಲಿ ಹೆಚ್ಚುಕಡಿಮೆ ಆದರೆ ಸಾಕು.

ಅಜ್ಜ-ಅಜ್ಜಿಯರಿಗೆ ಮಾತ್ರ ಒಂದು ಮಾತು ಬಿಡಿಸಿ ಹೇಳುತ್ತೇನೆ. ನಮ್ಮ ವಾಕಿಂಗ್ ಗೆಳೆಯರೊಬ್ಬರು ತಮ್ಮದು ಪಿತ್ತ ಪ್ರಕೃತಿ, ಗುಳಿಗೆ ಉಷ್ಣ ಎಂದುಕೊಂಡು ಬಿಪಿ ಗುಳಿಗೆಯನ್ನು ಎಂಟು ದಿನ ತಾವೇ ನಿಲ್ಲಿಸಿದ್ದರು. ತಲೆ ಸಿಡಿದು ಕೂತಾಗ ಮಗನಿಗೆ ಗೊತ್ತಾಯಿತು. ಪ್ರಕೃತಿ ಗೊತ್ತಾದರೆ ಊಟ, ನಿದ್ದೆ, ಆಟ ತಿದ್ದಿಕೊಳ್ಳಬಹುದು. ಸಕ್ಕರೆ, ಬಿಪಿ, ಹೃದಯದ ಗುಳಿಗೆಯನ್ನು ಅದರ ಹೆಸರಲ್ಲಿ ಮುಟ್ಟಬಾರದು. ಬೇರೆ ಔಷಧ ಸೇರಿಸುವಾಗಲೂ ಇಬ್ಬರು ವೈದ್ಯರಿಗೂ ತಿಳಿಸಬೇಕು. ವಿಜ್ಞಾನಿಗಳೂ ಈ ವಿಷಯವನ್ನು ತಮ್ಮ ರೀತಿಯಲ್ಲಿ ತೂಗಿ ನೋಡುತ್ತಿದ್ದಾರೆ. ದೆಹಲಿಯ ಸಿಎಸ್ಐಆರ್-ಐಜಿಐಬಿ ಸಂಸ್ಥೆಯವರು ಸ್ಪಷ್ಟವಾಗಿ ವಾತ, ಪಿತ್ತ, ಕಫ ಎಂದು ಗುರುತಿಸಿದ ಆರೋಗ್ಯವಂತರ ರಕ್ತವನ್ನು ಹೋಲಿಸಿ, ಜೀನ್‌ಗಳ ಕೆಲಸದಲ್ಲೂ ವ್ಯತ್ಯಾಸ ಕಂಡಿದ್ದನ್ನು 2008ರಲ್ಲಿ ಪ್ರಕಟಿಸಿದರು. ನಮ್ಮ ಬೆಳಗಾವಿಯಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಇದೆ. ಪರೀಕ್ಷೆ ನಡೆದಿದೆ, ಮುಗಿದಿಲ್ಲ. ಒಬ್ಬನನ್ನೇ ಇಬ್ಬರು ವೈದ್ಯರು ನೋಡಿ ಬೇರೆ ಬೇರೆ ಪ್ರಕೃತಿ ಹೇಳುವುದೂ ಉಂಟು. ಹಾಗಿರುವಾಗ ಹನ್ನೆರಡು ಪ್ರಶ್ನೆಯ ನನ್ನ ಹಾಳೆ ಎಷ್ಟರದು?

ಫೆಬ್ರವರಿ ಕೊನೆಗೆ ತೂಕ ಹಾಕಿಸಿದೆವು. 33 ಕೆಜಿ, 600 ಗ್ರಾಂ. ಮನೆಗೆ ಬಂದವನೇ ಹುಡುಗ ಒಂದು ಹಾಳೆ ತಂದು, "ಅಜ್ಜಾ, ಕೂಡು. ಈಗ ನಾ ಕೇಳ್ತೀನಿ" ಎಂದ. ಮೊದಲ ಪ್ರಶ್ನೆ, ಅಜ್ಜ ಬೆಳಿಗ್ಗೆ ಎಷ್ಟು ಸಲ ಬಾಗಿಲು ಬಡಿಯುತ್ತಾನೆ? ಎರಡನೆಯದು, ಗುಳಿಗೆ ತೆಗೆದುಕೊಂಡನೋ ಇಲ್ಲವೋ? ಹೀಗೆ ಹನ್ನೆರಡು. ನನಗೆ ಬಂದದ್ದು ನಾಲ್ಕು ಅಂಕ. ಹಾಳೆಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡೆ. ಅಷ್ಟರಲ್ಲಿ ಸೊಸೆ ಊಟಕ್ಕೆ ಕರೆದಳು. ಅವನು ಎದ್ದು ಹೋಗಿ, ತಟ್ಟೆ ಇಟ್ಟುಕೊಂಡು, "ಅವ್ವಾ, ಮೊಸರು ಹಾಕು" ಎಂದ.